ಹಗುರವಾದ ಟಚ್‌ಸ್ಕ್ರೀನ್ ಮಾನಿಟರ್ ಆರಿಸುವ ಕ್ರಮ: ಏನನ್ನು ಪಡೆಯಲು ಏನನ್ನು ಬಿಡಬೇಕು

ಚೀಲದಲ್ಲಿ ಒಯ್ಯಬಹುದಾದ ಟಚ್‌ಸ್ಕ್ರೀನ್ ಮಾನಿಟರ್ ಕೊಂಡವರು ಹೇಳಿಕೊಳ್ಳುವ ದೂರುಗಳು ಹೆಚ್ಚುಕಡಿಮೆ ನಾಲ್ಕೇ. ಚಿತ್ರ ಬರುತ್ತದೆ, ಆದರೆ ಮುಟ್ಟಿದರೆ ಏನೂ ಆಗುವುದಿಲ್ಲ. ಇಲ್ಲವೇ ಮಾನಿಟರನ್ನು ಮುಟ್ಟಿದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಏನೋ ತೆರೆದುಕೊಳ್ಳುತ್ತದೆ. ಹೊಳಪು ಹೆಚ್ಚಿಸಿದ ಕೂಡಲೇ ಪರದೆ ಆರಿಹೋಗುತ್ತದೆ. ಹಗುರ ಎಂದು ನಂಬಿ ತಂದದ್ದು ಹೆಗಲಿಗೆ ಹೊರೆಯಾಗಿ, ಒಂದು ತಿಂಗಳಲ್ಲಿ ಕಪಾಟು ಸೇರುತ್ತದೆ.

ಈ ನಾಲ್ಕರ ಬೇರೂ ಒಂದೇ. ಆಯ್ಕೆಯ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಪರದೆಯ ಗಾತ್ರ ಮತ್ತು ಅಂದ ನೋಡುತ್ತಾರೆ, ಆಮೇಲೆ ತೂಕ. ತಮ್ಮ ಕಂಪ್ಯೂಟರಿನ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಎಂಥದ್ದು ಎಂದು ವಿಚಾರಿಸುವುದು ಪೆಟ್ಟಿಗೆ ಬಿಚ್ಚಿದ ಮೇಲೆ. ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಹಗುರತನ ಪುಕ್ಕಟೆಯಾಗಿ ಬರುವುದಿಲ್ಲ. ಅದು ಬ್ಯಾಟರಿಯಿಂದಲೋ, ಸ್ಟ್ಯಾಂಡಿನಿಂದಲೋ, ಗಾಜಿನಿಂದಲೋ ಕಿತ್ತುಕೊಂಡದ್ದು. ಎಲ್ಲಿಂದ ಕಿತ್ತರೆ ನಿಮ್ಮ ಕೆಲಸ ಕೆಡುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದ ಆಯ್ಕೆ ಸುಲಭ.

## ಶುರು ಮಾಡುವ ಮುನ್ನ ಕೈಗೆ ಸಿಗಬೇಕಾದವು

ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಪಟ್ಟಿ, ನಿಮ್ಮ ಲ್ಯಾಪ್‌ಟಾಪ್ ಮಾದರಿಯ ತಾಂತ್ರಿಕ ವಿವರಗಳ ಪುಟ, ಈಗಿರುವ ಚಾರ್ಜರ್ (ಅದರ ಮೇಲೆ ಅಚ್ಚಾಗಿರುವ ವೋಲ್ಟ್ ಮತ್ತು ಆಂಪಿಯರ್ ಅಂಕಿಗಳು ಬೇಕು) ಹಾಗೂ ಒಂದು ಹಾಳೆ. ಯುಎಸ್‌ಬಿ-ಸಿ ಕೇಬಲಿನ ನಡುವೆ ಸಿಕ್ಕಿಸಿ ವ್ಯಾಟ್ ತೋರಿಸುವ ಪುಟ್ಟ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಜೊತೆಗೆ ಸುಮಾರು ಒಂದು ಕಿಲೋ ತೂಗುವ ದಪ್ಪ ರಟ್ಟಿನ ಪುಸ್ತಕವನ್ನೂ ಇಟ್ಟುಕೊಳ್ಳಿ. ಅದರ ಉಪಯೋಗ ಐದನೇ ಹಂತದಲ್ಲಿ ಬರುತ್ತದೆ.

## ಹಂತ 1: ಸ್ಪರ್ಶ ಯಾವ ಕೆಲಸಕ್ಕೆ ಬೇಕು ಎಂದು ಬರೆದಿಡಿ

ಮೂರು ದಿನ ಎಂದಿನಂತೆ ಕೆಲಸ ಮಾಡಿ. ಪರದೆಯನ್ನು ಬೆರಳಿನಿಂದ ಮುಟ್ಟಬೇಕು ಎನ್ನಿಸಿದಾಗಲೆಲ್ಲ ಯಾವ ಕೆಲಸದ ನಡುವೆ ಹಾಗೆನ್ನಿಸಿತು ಎಂದು ಹಾಳೆಯಲ್ಲಿ ಒಂದು ಸಾಲು ಬರೆಯಿರಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಉಳಿದ ಎಲ್ಲ ಹಂತಗಳೂ ಈ ಹಾಳೆಯನ್ನೇ ನೆಚ್ಚಿಕೊಂಡಿವೆ.

ಕಡತಗಳಿಗೆ ಸಹಿ ಹಾಕುವುದು, ಪಿಡಿಎಫ್ ಮೇಲೆ ಟಿಪ್ಪಣಿ ಬರೆಯುವುದು, ಎದುರು ಕುಳಿತವರಿಗೆ ನಕ್ಷೆ ಅಥವಾ ಚಿತ್ರವನ್ನು ಹಿಗ್ಗಿಸಿ ತೋರಿಸುವುದು, ಪಾಠ ಮಾಡುತ್ತ ಬಿಡಿಸುವುದು, ಧ್ವನಿ ಮಿಶ್ರಣದ ಸ್ಲೈಡರ್‌ಗಳನ್ನು ಜರುಗಿಸುವುದು: ಇಂಥವು ಪಟ್ಟಿಯಲ್ಲಿದ್ದರೆ ಸ್ಪರ್ಶ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಲೆಕ್ಕದ ಹಾಳೆ, ಕೋಡ್, ಉದ್ದ ಬರಹ, ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಮಾತ್ರ ಇದ್ದರೆ ಸ್ಪರ್ಶರಹಿತ ಮಾನಿಟರನ್ನೇ ನೋಡಿ. ಸ್ಪರ್ಶಕ್ಕಾಗಿ ಪರದೆಯ ಮುಂದೆ ಗಾಜಿನ ಪದರ ಕೂರುತ್ತದೆ. ಆ ಗಾಜು ತೂಕವನ್ನೂ ಪ್ರತಿಫಲನವನ್ನೂ ಹೆಚ್ಚಿಸುತ್ತದೆ, ಸ್ಪರ್ಶದ ಮಂಡಲ (ಸರ್ಕ್ಯೂಟ್) ಒಂದಿಷ್ಟು ವಿದ್ಯುತ್ ಬೇಡುತ್ತದೆ. ಬಳಸದ ಸೌಲಭ್ಯಕ್ಕೆ ಈ ಮೂರನ್ನೂ ತೆರುವುದು ನಷ್ಟ.

ಇನ್ನೊಂದು ಪರೀಕ್ಷೆಯನ್ನು ಈಗಲೇ ಮಾಡಿ. ನೆಟ್ಟಗೆ ನಿಂತ ಪರದೆಯ ಎತ್ತರಕ್ಕೆ ಕೈಚಾಚಿ, ಗಾಳಿಯಲ್ಲಿಯೇ ಎರಡು ನಿಮಿಷ ಬೆರಳಾಡಿಸಿ. ತೋಳು ಸೋತಿತೇ? ಹಾಗಿದ್ದರೆ ನಿಮಗೆ ಮೇಜಿನ ಮೇಲೆ ಓರೆಯಾಗಿ ಮಲಗುವ ಮಾನಿಟರ್ ಬೇಕು. ಏಳನೇ ಹಂತದಲ್ಲಿ ಸ್ಟ್ಯಾಂಡ್ ಆರಿಸುವಾಗ ಇದು ನೆನಪಿರಲಿ.

ಪಟ್ಟಿಯಲ್ಲಿ ಬರಹ ಅಥವಾ ಚಿತ್ರರಚನೆ ಇದ್ದರೆ ‘ಪೆನ್ ಬೇಕು’ ಎಂದು ದಪ್ಪಕ್ಷರದಲ್ಲಿ ಗುರುತಿಸಿ. ‘10 ಬಿಂದುಗಳ ಸ್ಪರ್ಶ’ ಎಂದು ಬರೆದಿದ್ದರೆ ಹತ್ತು ಬೆರಳನ್ನು ಒಟ್ಟಿಗೆ ಗುರುತಿಸುತ್ತದೆ ಎಂದಷ್ಟೇ ಅರ್ಥ. ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗಬೇಕಾದರೆ, ಅಂಗೈ ಊರಿದರೂ ಗೆರೆ ಬೀಳದಿರಬೇಕಾದರೆ, ಸಕ್ರಿಯ ಪೆನ್ನಿನ (ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಪೆನ್) ಬೆಂಬಲ ಬೇರೆಯಾಗಿಯೇ ಇರಬೇಕು. ಪೆನ್ ಮತ್ತು ಪರದೆ ಒಂದೇ ಭಾಷೆ ಮಾತನಾಡಬೇಕು: ಮೈಕ್ರೋಸಾಫ್ಟ್ ಪೆನ್ ಪ್ರೋಟೊಕಾಲ್, ಯುಎಸ್‌ಐ, ವಾಕೊಮ್ ಎಇಎಸ್ ಇವು ಬೇರೆ ಬೇರೆ, ಒಂದರ ಪೆನ್ ಇನ್ನೊಂದಕ್ಕೆ ಆಗುತ್ತದೆ ಎಂದು ಊಹಿಸಬೇಡಿ. ಲೆನೊವೊದ ಥಿಂಕ್‌ವಿಷನ್ ಎಂ14ಟಿಯಂತಹ ಕೆಲವು ಮಾದರಿಗಳು 4096 ಒತ್ತಡ ಹಂತಗಳ ಪೆನ್ನಿನೊಂದಿಗೆ ಬರುತ್ತವೆ. ಬಹುಪಾಲು ಮಾದರಿಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ.

## ಹಂತ 2: ನಿಮ್ಮ ಕಂಪ್ಯೂಟರ್ ಹೊರಗಿನ ಸ್ಪರ್ಶವನ್ನು ಒಪ್ಪುತ್ತದೆಯೇ ನೋಡಿ

ವಿಂಡೋಸ್ 10 ಮತ್ತು 11ರಲ್ಲಿ ಸಾಮಾನ್ಯವಾಗಿ ಯಾವ ಡ್ರೈವರೂ (ಸಾಧನವನ್ನು ನಡೆಸಲು ಬೇಕಾದ ಸಹಾಯಕ ತಂತ್ರಾಂಶ) ಬೇಕಿಲ್ಲ. ಮಾನಿಟರ್ ತನ್ನನ್ನು ಕೀಬೋರ್ಡ್, ಮೌಸ್‌ಗಳ ಹಾಗೆ ಒಂದು ಮಾಮೂಲಿ ಸಾಧನವೆಂದು ಪರಿಚಯಿಸಿಕೊಳ್ಳುತ್ತದೆ.

ಮ್ಯಾಕ್ ಬಳಸುವವರು ಇಲ್ಲಿ ನಿಲ್ಲಬೇಕು. ಮ್ಯಾಕ್‌ಒಎಸ್ ಟಚ್‌ಸ್ಕ್ರೀನ್ ಮಾನಿಟರಿನ ಸ್ಪರ್ಶವನ್ನು ತಾನಾಗಿ ಬೆಂಬಲಿಸುವುದಿಲ್ಲ. ಯುಪಿಡಿಡಿಯಂತಹ ಹೊರಗಿನ ಡ್ರೈವರ್ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಕಚೇರಿಯ ಕಂಪ್ಯೂಟರಾದರೆ ಅದನ್ನು ಹಾಕಲು ಅನುಮತಿಯೂ ಬೇಕಾದೀತು. ಮ್ಯಾಕ್ ಜೊತೆ ಈಗಾಗಲೇ ಐಪ್ಯಾಡ್ ಇರುವವರಿಗೆ ನನ್ನ ಸಲಹೆ ಸ್ಪಷ್ಟ: 2019ರ ಮ್ಯಾಕ್‌ಒಎಸ್ ಕ್ಯಾಟಲೀನಾದಿಂದ ಇರುವ, ಐಪ್ಯಾಡನ್ನೇ ಎರಡನೇ ಪರದೆಯಾಗಿಸುವ ಸೈಡ್‌ಕಾರ್ ಸೌಲಭ್ಯವನ್ನು ಮೊದಲು ಒಂದು ವಾರ ಬಳಸಿ ನೋಡಿ. ಆಪಲ್ ಪೆನ್ಸಿಲ್ ಅದರಲ್ಲಿ ಕೆಲಸ ಮಾಡುತ್ತದೆ. ಅದು ಸಾಲದು ಎನಿಸಿದ ಮೇಲೆ ಮಾನಿಟರ್ ಹುಡುಕಿ.

ಫೋನಿಗೆ ಜೋಡಿಸುವ ಆಸೆ ಇದ್ದರೆ ಹೀಗಿದೆ: ಡೆಕ್ಸ್ (ಫೋನನ್ನು ದೊಡ್ಡ ಪರದೆಯಲ್ಲಿ ಕಂಪ್ಯೂಟರಿನಂತೆ ಬಳಸುವ) ಸೌಲಭ್ಯವಿರುವ ಸ್ಯಾಮ್‌ಸಂಗ್ ಫೋನ್‌ಗಳು ಯುಎಸ್‌ಬಿ-ಸಿ ಮೂಲಕ ಚಿತ್ರ ಕಳಿಸುತ್ತವೆ, ಸ್ಪರ್ಶವನ್ನೂ ಸ್ವೀಕರಿಸುತ್ತವೆ. ಐಫೋನ್ 15 ಸರಣಿಯಲ್ಲಿ ಚಿತ್ರವೇನೋ ಬರುತ್ತದೆ, ಹೊರಗಿನ ಪರದೆ ಮುಟ್ಟಿ ಫೋನ್ ನಡೆಸಲಾಗುವುದಿಲ್ಲ.

## ಹಂತ 3: ಪೋರ್ಟ್ ಮತ್ತು ಕೇಬಲ್

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರು. ಒಂದೇ ಆಕಾರದ ಎರಡು ಕಿಂಡಿಗಳಲ್ಲಿ ಒಂದು ಚಿತ್ರ ಹೊರಡಿಸಬಹುದು, ಇನ್ನೊಂದು ಹೊರಡಿಸದಿರಬಹುದು. ಚಿತ್ರ ಬರಬೇಕಾದರೆ ಪೋರ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸಾಮರ್ಥ್ಯ ಬೇಕು. ತಾಂತ್ರಿಕ ವಿವರಗಳ ಪುಟದಲ್ಲಿ ಆ ಪದಗಳಿವೆಯೇ ಹುಡುಕಿ. ಪೋರ್ಟಿನ ಪಕ್ಕದಲ್ಲಿ ಬಾಣತುದಿಯ ಮಿಂಚಿನ ಗುರುತಿದ್ದರೆ ಅದು ಥಂಡರ್‌ಬೋಲ್ಟ್ ಎಂಬ ವೇಗದ ಪೋರ್ಟ್. ಥಂಡರ್‌ಬೋಲ್ಟ್ 3, 4 ಮತ್ತು ಯುಎಸ್‌ಬಿ4 ಪೋರ್ಟ್‌ಗಳಿಂದ ಚಿತ್ರ ಬರುತ್ತದೆ. ಬ್ಯಾಟರಿಯ ಗುರುತು ಮಾತ್ರ ಇದ್ದರೆ ಚಾರ್ಜಿಂಗ್ ಸಾಧ್ಯ ಎಂದು ತಿಳಿಯಿತು, ಚಿತ್ರದ ಬಗ್ಗೆ ಏನೂ ತಿಳಿಯಲಿಲ್ಲ.

ಸರಿಯಾದ ಪೋರ್ಟ್ ಇದ್ದರೆ ಒಂದೇ ಕೇಬಲ್ ಮೂರು ಕೆಲಸ ಮಾಡುತ್ತದೆ. ಡಿಸ್‌ಪ್ಲೇಪೋರ್ಟಿನ ತಂತಿಗಳಲ್ಲಿ ಚಿತ್ರ ಹೋಗುತ್ತದೆ, ಯುಎಸ್‌ಬಿ 2.0 ತಂತಿಗಳಲ್ಲಿ ಸ್ಪರ್ಶ ಹಿಂದಕ್ಕೆ ಬರುತ್ತದೆ, ವಿದ್ಯುತ್ ಅದೇ ದಾರಿಯಲ್ಲಿ ಹರಿಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷ ಹುಡುಕುವುದು ಬಹಳ ಸುಲಭ. ಚಿತ್ರ ಇದೆ, ಸ್ಪರ್ಶ ಇಲ್ಲ ಎಂದರೆ ಯುಎಸ್‌ಬಿ ತಂತಿ ಎಲ್ಲೋ ತಲುಪುತ್ತಿಲ್ಲ. ಮಾನಿಟರ್ ಹೊತ್ತಿಕೊಂಡಿದೆ, ‘ಸಿಗ್ನಲ್ ಇಲ್ಲ’ ಎನ್ನುತ್ತಿದೆ ಎಂದರೆ ಚಿತ್ರದ ತಂತಿ ಇಲ್ಲ.

ನಿಮ್ಮಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಎರಡು ಕೇಬಲ್ ಕಡ್ಡಾಯ. ಎಚ್‌ಡಿಎಂಐ ಚಿತ್ರ ಮತ್ತು ಧ್ವನಿಯನ್ನು ಒಯ್ಯುತ್ತದೆ. ಸ್ಪರ್ಶವನ್ನು ಹಿಂದಿರುಗಿಸುವುದಿಲ್ಲ, ಮಾನಿಟರಿಗೆ ಸಾಕಾಗುವಷ್ಟು ವಿದ್ಯುತ್ತನ್ನೂ ಕೊಡುವುದಿಲ್ಲ. ಸ್ಪರ್ಶಕ್ಕೆ ಮಾನಿಟರಿನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹಾಕಲೇಬೇಕು. ಮಾನಿಟರಿನ ಕಡೆ ಮಿನಿ ಎಚ್‌ಡಿಎಂಐ ಇದೆಯೋ ಮೈಕ್ರೋ ಇದೆಯೋ ಎಂಬುದನ್ನೂ ನೋಡಿಕೊಳ್ಳಿ. ನೋಟಕ್ಕೆ ಹತ್ತಿರವಿದ್ದರೂ ಒಂದರ ಕೇಬಲ್ ಮತ್ತೊಂದಕ್ಕೆ ಹೋಗುವುದಿಲ್ಲ.

ಹಳೆಯ ಯುಎಸ್‌ಬಿ-ಎ ಪೋರ್ಟ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಯುಎಸ್‌ಬಿಯ ಮೂಲಕವೇ ಚಿತ್ರ ಕಳಿಸುವ ಡಿಸ್‌ಪ್ಲೇಲಿಂಕ್ ತಂತ್ರದ ಅಡಾಪ್ಟರ್ ಒಂದು ದಾರಿ. ಅದು ಡ್ರೈವರ್ ಬೇಡುತ್ತದೆ, ಪ್ರೊಸೆಸರಿನ ಮೇಲೆ ಹೊರೆ ಹಾಕುತ್ತದೆ. ದಾಖಲೆ ಓದಲು ಸಾಕು, ಪೆನ್ನಿನ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ಈಗ ಕೇಬಲ್. ಫೋನ್ ಚಾರ್ಜರಿನೊಂದಿಗೆ ಬರುವ ಬಹುತೇಕ ಯುಎಸ್‌ಬಿ-ಸಿ ಕೇಬಲ್‌ಗಳಲ್ಲಿ ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ, ಚಿತ್ರ ಒಯ್ಯುವ ವೇಗದ ತಂತಿಗಳು ಇರುವುದಿಲ್ಲ. ಒಮ್ಮೆ ಒಂದು ಇಡೀ ಸಂಜೆಯನ್ನು ಮಾನಿಟರ್ ಕೆಟ್ಟಿದೆ ಎಂದು ನಂಬಿ ಕಳೆದ ಮೇಲೆ, ನಾನು ಮಾನಿಟರಿನ ಕೇಬಲಿಗೆ ಕೆಂಪು ದಾರ ಕಟ್ಟಿ ಇಡುತ್ತೇನೆ. ನೀವೂ ಒಂದು ಗುರುತು ಮಾಡಿ. ಹೊಸದು ಕೊಳ್ಳುವಾಗ ‘ವೀಡಿಯೊ’ ಅಥವಾ ‘ಎಲ್ಲ ಸೌಲಭ್ಯಗಳ ಯುಎಸ್‌ಬಿ-ಸಿ’ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ. ಒಂದು ಮೀಟರಿನೊಳಗಿನ ಉದ್ದ ಸಾಕು. ಉದ್ದ ಹೆಚ್ಚಿದಂತೆ ಕೇಬಲ್ ದಪ್ಪವಾಗುತ್ತದೆ, ಬಿರುಸಾಗುತ್ತದೆ, ಹಗುರ ಮಾನಿಟರನ್ನು ಅದೇ ಎಳೆದು ಜರುಗಿಸುತ್ತದೆ.

ಮಾನಿಟರಿನಲ್ಲಿ ಎರಡು ಯುಎಸ್‌ಬಿ-ಸಿ ಪೋರ್ಟ್ ಇದ್ದರೆ ಎರಡೂ ಒಂದೇ ಎಂದು ತಿಳಿಯಬೇಡಿ. ಕೆಲವು ಮಾದರಿಗಳಲ್ಲಿ ಒಂದು ವಿದ್ಯುತ್ತಿಗೆ ಮಾತ್ರ ಮೀಸಲು. ಕೈಪಿಡಿಯ ಚಿತ್ರ ನೋಡಿ, ಚಿತ್ರ ಬರುವ ಪೋರ್ಟಿನ ಪಕ್ಕ ಪೆನ್ಸಿಲಿನಿಂದ ಚುಕ್ಕೆ ಇಡಿ.

## ಹಂತ 4: ವಿದ್ಯುತ್ತಿನ ಲೆಕ್ಕ

13ರಿಂದ 16 ಇಂಚಿನ ಹಗುರ ಮಾನಿಟರ್ ಹೊಳಪಿಗೆ ತಕ್ಕಂತೆ ಸುಮಾರು 6ರಿಂದ 15 ವ್ಯಾಟ್ ಬೇಡುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಪೋರ್ಟ್ 5 ವೋಲ್ಟಿನಲ್ಲಿ 3 ಆಂಪಿಯರ್ ಕೊಟ್ಟರೆ 15 ವ್ಯಾಟ್. ಎಷ್ಟೋ ಪೋರ್ಟ್‌ಗಳು 1.5 ಆಂಪಿಯರಿಗೇ ನಿಲ್ಲುತ್ತವೆ, ಅಂದರೆ 7.5 ವ್ಯಾಟ್. ಹೊಳಪು ಏರಿಸಿದಾಗ ಪರದೆ ಆರಿ ಮತ್ತೆ ಹೊತ್ತಿಕೊಳ್ಳುವುದು ಈ ಅಂತರದಿಂದಲೇ. ಅದು ಹಾಳಾದ ಮಾನಿಟರ್ ಅಲ್ಲ, ಹಸಿದ ಮಾನಿಟರ್.

ಬ್ಯಾಟರಿಯ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ. ಲ್ಯಾಪ್‌ಟಾಪಿನ ಬ್ಯಾಟರಿ 50 ವ್ಯಾಟ್-ಗಂಟೆ, ಸಾಮಾನ್ಯ ಬಳಕೆ 10 ವ್ಯಾಟ್ ಎಂದುಕೊಳ್ಳಿ: 5 ಗಂಟೆ. ಅದಕ್ಕೆ 8 ವ್ಯಾಟಿನ ಮಾನಿಟರ್ ಸೇರಿದರೆ ಒಟ್ಟು 18 ವ್ಯಾಟ್, ಸುಮಾರು ಎರಡು ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ಬರಿದು. ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಪ್ಲಗ್ ಸಿಗದ ಜಾಗದಲ್ಲಿ ಎಷ್ಟು ಹೊತ್ತು ಕೂರುತ್ತೀರಿ ಎಂಬುದರ ಮೇಲೆ ಮುಂದಿನ ತೀರ್ಮಾನ ನಿಂತಿದೆ.

ಒಂದು ಆಯ್ಕೆ, ಬ್ಯಾಟರಿ ಇರುವ ಮಾನಿಟರ್. 30 ವ್ಯಾಟ್-ಗಂಟೆಯ ಬ್ಯಾಟರಿ 8 ವ್ಯಾಟಿನ ಮಾನಿಟರನ್ನು ನಾಲ್ಕು ಗಂಟೆಗೆ ತುಸು ಕಡಿಮೆ ನಡೆಸುತ್ತದೆ. ಅಷ್ಟಕ್ಕೆ ನೂರೈವತ್ತು ಗ್ರಾಮಿನ ಆಸುಪಾಸು ಹೆಚ್ಚುವರಿ ಹೊರೆ ಸದಾ ಜೊತೆಗಿರುತ್ತದೆ. ಬ್ಯಾಟರಿಗೆ ವಯಸ್ಸಾಗುತ್ತದೆ, ಅದನ್ನು ನೀವೇ ಬದಲಿಸುವುದು ಸುಲಭವಲ್ಲ. ಇನ್ನೊಂದು ಆಯ್ಕೆ, ಬ್ಯಾಟರಿ ಇಲ್ಲದ ಮಾನಿಟರ್ ಮತ್ತು ಪ್ರತ್ಯೇಕ ಪವರ್ ಬ್ಯಾಂಕ್. 20,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಲ್ಲಿ 3.7 ವೋಲ್ಟಿನ ಲೆಕ್ಕಕ್ಕೆ 74 ವ್ಯಾಟ್-ಗಂಟೆ ಇರುತ್ತದೆ. ವಿಮಾನದಲ್ಲಿ ಸಾಮಾನ್ಯವಾಗಿ ಅನ್ವಯವಾಗುವ 100 ವ್ಯಾಟ್-ಗಂಟೆಯ ಮಿತಿಯೊಳಗೇ ಬರುತ್ತದೆ, ಆದರೆ ಕೈಚೀಲದಲ್ಲೇ ಇರಬೇಕು. ಬೇಡದ ದಿನ ಅದನ್ನು ಮನೆಯಲ್ಲಿ ಬಿಟ್ಟು ಹೋಗಬಹುದು. ಬಿಟ್ಟು ಹೋಗಬಹುದಾದ ತೂಕ ಯಾವಾಗಲೂ ಒಳ್ಳೆಯ ತೂಕ, ಹಾಗಾಗಿ ನನ್ನ ಒಲವು ಈ ಕಡೆಗೆ.

ಚಾರ್ಜರನ್ನು ಮಾನಿಟರಿಗೆ ಸಿಕ್ಕಿಸಿ, ಅದರ ಮೂಲಕ ಲ್ಯಾಪ್‌ಟಾಪಿಗೆ ವಿದ್ಯುತ್ ಹಾಯಿಸುವ ವ್ಯವಸ್ಥೆ ಇದ್ದರೆ ಒಂದು ಚಾರ್ಜರ್ ಉಳಿಯುತ್ತದೆ. ಆದರೆ 65 ವ್ಯಾಟ್ ಒಳಹೋದರೆ 65 ವ್ಯಾಟೇ ಹೊರಬರುವುದಿಲ್ಲ. ಮಾನಿಟರ್ ತನ್ನ ಪಾಲು ತೆಗೆದುಕೊಂಡು, ಅದರ ಮಂಡಲಕ್ಕೆ ಇರುವ ಮಿತಿಯೊಳಗೆ ಉಳಿದದ್ದನ್ನು ದಾಟಿಸುತ್ತದೆ. ಆ ಗರಿಷ್ಠ ಮಿತಿ ವಿವರಗಳ ಪುಟದಲ್ಲಿ ಇರದಿದ್ದರೆ ಅದನ್ನು ನಂಬಿ ಲ್ಯಾಪ್‌ಟಾಪಿನ ಚಾರ್ಜರ್ ಮನೆಯಲ್ಲಿ ಬಿಡಬೇಡಿ. ಜೋಡಿಸುವ ಕ್ರಮ ಹೀಗಿರಲಿ: ಮೊದಲು ಚಾರ್ಜರಿನಿಂದ ಮಾನಿಟರಿಗೆ, ಅದು ಹೊತ್ತಿಕೊಂಡ ಮೇಲೆ ಮಾನಿಟರಿನಿಂದ ಲ್ಯಾಪ್‌ಟಾಪಿಗೆ.

## ಹಂತ 5: ತೂಕವನ್ನು ಚೀಲದಲ್ಲಿಟ್ಟು ತೂಗಿ

ವಿವರಗಳ ಪುಟದಲ್ಲಿ ಬರೆದಿರುವ ತೂಕ ಬಹಳ ಸಲ ಬರೀ ಪರದೆಯದ್ದು. ಹೆಗಲು ಹೊರುವುದು ಇಡೀ ಗಂಟನ್ನು. ಉದಾಹರಣೆಗೆ: ಪರದೆ 750 ಗ್ರಾಂ, ಸ್ಟ್ಯಾಂಡಿನ ಕೆಲಸವನ್ನೂ ಮಾಡುವ ಹೊದಿಕೆ 300 ಗ್ರಾಂ, ಎರಡು ಕೇಬಲ್ 100 ಗ್ರಾಂ, ಹೆಚ್ಚುವರಿ ಚಾರ್ಜರ್ 200 ಗ್ರಾಂ. ಒಟ್ಟು 1,350 ಗ್ರಾಂ. ಹೆಚ್ಚುಕಡಿಮೆ ಇನ್ನೊಂದು ತೆಳು ಲ್ಯಾಪ್‌ಟಾಪಿನ ತೂಕ. 900 ಗ್ರಾಮಿನ ಪರದೆಗೆ ಗಟ್ಟಿಯಾದ ಸ್ವಂತ ಕಾಲಿದ್ದು, ಒಂದೇ ಕೇಬಲ್ ಸಾಕಾದರೆ, ಕಾಗದದ ಮೇಲೆ ಭಾರವಾಗಿದ್ದ ಅದೇ ಚೀಲದಲ್ಲಿ ಹಗುರ.

ಆ ದಪ್ಪ ಪುಸ್ತಕ ಈಗ ಬೇಕು. ನಿಮ್ಮ ಲೆಕ್ಕದ ಒಟ್ಟು ತೂಕ ಬರುವ ತನಕ ಪುಸ್ತಕದ ಜೊತೆ ಏನಾದರೂ ಸೇರಿಸಿ, ತಕ್ಕಡಿಯಲ್ಲಿ ತೂಗಿ, ಮೂರು ದಿನ ಚೀಲದಲ್ಲಿಟ್ಟು ಓಡಾಡಿ. ಎರಡನೇ ದಿನವೇ ತೆಗೆದಿಡಬೇಕೆನಿಸಿದರೆ 13 ಅಥವಾ 14 ಇಂಚಿಗೆ ಇಳಿಯಿರಿ. ನಾನು ಈ ಪರೀಕ್ಷೆ ಹೇಳಿದವರಲ್ಲಿ ಕೆಲವರು ಮಾನಿಟರನ್ನೇ ಕೊಳ್ಳಲಿಲ್ಲ, ಅದೂ ಒಳ್ಳೆಯ ಫಲಿತಾಂಶವೇ.

ಚೀಲದೊಳಗಿನ ಜಾಗವನ್ನೂ ಅಳೆಯಿರಿ. ತೆಳು ಪರದೆಗೆ ಬಾಗುವಿಕೆ ಶತ್ರು. ಲ್ಯಾಪ್‌ಟಾಪಿನ ಪಕ್ಕದಲ್ಲಿ, ಗಾಜಿನ ಮುಖ ಅದರ ಸಮತಟ್ಟಾದ ಕಡೆಗೆ ತಿರುಗಿರುವಂತೆ ಇಡಬೇಕು. ಚಾರ್ಜರಿನ ಗಡ್ಡೆ ಗಾಜಿಗೆ ಒತ್ತಿದರೆ ತುಂಬಿದ ಬಸ್ಸಿನಲ್ಲಿ ಒಂದು ಪಯಣ ಸಾಕು.

## ಹಂತ 6: ಪರದೆ, ಅಕ್ಷರ ಮತ್ತು ಬೆರಳಿನ ಅಳತೆ

ಎಲ್ಲರೂ ಮೊದಲು ನೋಡುವುದನ್ನು ಆರನೆಯದಾಗಿ ನೋಡುತ್ತಿದ್ದೇವೆ. ಮೇಲಿನ ಹಂತಗಳು ಅರ್ಧಕ್ಕಿಂತ ಹೆಚ್ಚು ಮಾದರಿಗಳನ್ನು ಆಗಲೇ ಬದಿಗೆ ಸರಿಸಿರುತ್ತವೆ.

15.6 ಇಂಚಿನ 1920×1080 ಪರದೆಯಲ್ಲಿ ಇಂಚಿಗೆ 141 ಪಿಕ್ಸೆಲ್, 14 ಇಂಚಿನಲ್ಲಿ 157. ಮೌಸ್ ಹಿಡಿದು ಕೆಲಸ ಮಾಡುವಾಗ ಇದು ಚೆನ್ನಾಗಿಯೇ ಇರುತ್ತದೆ. ಸ್ಪರ್ಶ ಬಂದಾಗ ಲೆಕ್ಕ ಬದಲಾಗುತ್ತದೆ. 16 ಪಿಕ್ಸೆಲ್ ಅಗಲದ ಒಂದು ಚಿಹ್ನೆ 141ರ ಸಾಂದ್ರತೆಯಲ್ಲಿ ಮೂರು ಮಿಲಿಮೀಟರೂ ಇರುವುದಿಲ್ಲ. ಬೆರಳ ತುದಿಗೆ ಆರಾಮಾಗಿ ಸಿಗಬೇಕಾದರೆ ಏಳೆಂಟು ಮಿಲಿಮೀಟರ್ ಬೇಕು. ಆದ್ದರಿಂದ ಸ್ಪರ್ಶಕ್ಕಾಗಿ ಎಲ್ಲವನ್ನೂ 150 ಪ್ರತಿಶತಕ್ಕೆ ಹಿಗ್ಗಿಸುತ್ತೀರಿ. ಹಾಗೆ ಮಾಡಿದ ಕ್ಷಣ 1920×1080ರ ಪರದೆ 1280×720ರಷ್ಟೇ ಜಾಗ ಕೊಡುತ್ತದೆ. ಹೆಚ್ಚು ಜಾಗ ಬೇಕೆಂದು ಕೊಂಡ ಎರಡನೇ ಪರದೆಯಲ್ಲಿ ಜಾಗವೇ ಕುಗ್ಗಿತು.

ಈ ಅಡಕತ್ತರಿಗೆ ಪೂರ್ತಿ ಪರಿಹಾರ ಇಲ್ಲ. ಬೆರಳಿನ ಕೆಲಸ ಹೆಚ್ಚಿದ್ದರೆ ದೊಡ್ಡ ಪರದೆ ತೆಗೆದುಕೊಂಡು ಹಿಗ್ಗಿಸಿಯೇ ಬಳಸಿ. ಬರಹ, ಟಿಪ್ಪಣಿ ಹೆಚ್ಚಿದ್ದರೆ ಪೆನ್ ಇರುವ ಚಿಕ್ಕ ಪರದೆ ಒಳ್ಳೆಯದು. ಪೆನ್ನಿನ ಮೊನೆ ಸಣ್ಣ ಚಿಹ್ನೆಯನ್ನೂ ಮುಟ್ಟಬಲ್ಲದು, ಹಾಗಾಗಿ ಹಿಗ್ಗಿಸುವ ಅಗತ್ಯ ಕಡಿಮೆ. 16:10 ಅನುಪಾತದ 1920×1200 ಸಿಕ್ಕರೆ ಬಿಡಬೇಡಿ. ಪರದೆಯ ಮೇಲಿನ ಕೀಬೋರ್ಡ್ ಕೆಳಭಾಗವನ್ನು ನುಂಗಿದಾಗ ಆ 120 ಸಾಲುಗಳ ಬೆಲೆ ಗೊತ್ತಾಗುತ್ತದೆ.

15.6 ಇಂಚಿನಲ್ಲಿ 4ಕೆ (3840×2160) ಎಂದರೆ ಇಂಚಿಗೆ 282 ಪಿಕ್ಸೆಲ್. ಓದಬೇಕಾದರೆ 200 ಪ್ರತಿಶತಕ್ಕೆ ಹಿಗ್ಗಿಸಬೇಕು, ಆಗ ಸಿಗುವ ಜಾಗ 1080ರ ಪರದೆಯಷ್ಟೇ. ಅಕ್ಷರ ನುಣುಪಾಗುತ್ತದೆ, ಅದಕ್ಕಾಗಿ ವಿದ್ಯುತ್ ಹೆಚ್ಚು ಸುಡುತ್ತದೆ. ಛಾಯಾಚಿತ್ರ ತಿದ್ದುವವರಿಗೆ ಸರಿ, ಉಳಿದವರಿಗೆ ಬೇಕಿಲ್ಲ.

ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬವು ಪರದೆ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಯನ್ನು ಅಳೆಯುವ ಮಾನದಂಡಗಳು. ಬಣ್ಣದ ವಿಷಯದಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಕಂಡರೆ ಪೇಲವ ಪರದೆ ಎಂದು ತಿಳಿಯಿರಿ. ‘72% ಎನ್‌ಟಿಎಸ್‌ಸಿ’ ಎಂದರೆ ಸುಮಾರಾಗಿ ಪೂರ್ತಿ ಎಸ್‌ಆರ್‌ಜಿಬಿ ವ್ಯಾಪ್ತಿ. ಹೊಳಪು ಈ ವರ್ಗದಲ್ಲಿ ಸಾಮಾನ್ಯವಾಗಿ 250ರಿಂದ 300 ನಿಟ್ಸ್ (ಹೊಳಪಿನ ಅಳತೆ). ಒಳಾಂಗಣಕ್ಕೆ ಸಾಕು, ಕಿಟಕಿಗೆ ಬೆನ್ನು ಹಾಕಿ ಕುಳಿತರೆ ಸಾಲದು, ಏಕೆಂದರೆ ಸ್ಪರ್ಶದ ಗಾಜು ಬೆಳಕನ್ನು ನೇರ ಕಣ್ಣಿಗೆ ಎಸೆಯುತ್ತದೆ. ಮಂಕು ಲೇಪನದ ಗಾಜು ಈ ತೊಂದರೆಯನ್ನು ತಗ್ಗಿಸುತ್ತದೆ, ಅಕ್ಷರದ ಅಂಚನ್ನು ಸ್ವಲ್ಪ ಮಸುಕಾಗಿಸುತ್ತದೆ. ಓಎಲ್‌ಇಡಿ ಪರದೆ ಕಣ್ಣಿಗೆ ಹಬ್ಬ, ಆದರೆ ದಿನವಿಡೀ ಕದಲದ ಟಾಸ್ಕ್‌ಬಾರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಅಚ್ಚು ಉಳಿಯುವ ಭಯ ಇದೆ.

## ಹಂತ 7: ಒತ್ತಿದರೆ ಹಿಂದೆ ಸರಿಯದ ಸ್ಟ್ಯಾಂಡ್

ನೋಡುವ ಮಾನಿಟರಿಗೆ ಹೇಗೋ ನಿಂತರಾಯಿತು. ಮುಟ್ಟುವ ಮಾನಿಟರ್ ಹಾಗಲ್ಲ. ಮಡಚುವ ಹೊದಿಕೆಯೇ ಸ್ಟ್ಯಾಂಡ್ ಆಗುವ ವಿನ್ಯಾಸ ತೂಕ ಉಳಿಸುತ್ತದೆ, ಆದರೆ ಮೇಲಿನ ಮೂಲೆಯನ್ನು ಬೆರಳಿನಿಂದ ಒತ್ತಿದಾಗ ಹಿಂದಕ್ಕೆ ಜಾರುತ್ತದೆ ಅಥವಾ ಮಡಿಕೆ ಬಿಚ್ಚಿಕೊಂಡು ಮಗುಚುತ್ತದೆ. ಹಗುರತನಕ್ಕಾಗಿ ಬಲಿಕೊಡಬಾರದ ಒಂದೇ ಭಾಗವನ್ನು ಹೆಸರಿಸಿ ಎಂದರೆ ನಾನು ಸ್ಟ್ಯಾಂಡ್ ಎನ್ನುತ್ತೇನೆ.

ಬಿಗಿಯಾದ ತಿರುಗಣೆಯ ಸ್ವಂತ ಕಾಲು, ಕೆಳ ಅಂಚಿನಲ್ಲಿ ರಬ್ಬರ್ ಪಟ್ಟಿ, ಮೇಜಿನಿಂದ 20-30 ಡಿಗ್ರಿಗೆ ಇಳಿಯುವ ಓರೆ: ಈ ಮೂರನ್ನು ಹುಡುಕಿ. ಅಂಗಡಿಯಲ್ಲಿ ನೋಡುವ ಅವಕಾಶವಿದ್ದರೆ ಮೇಲಿನ ಎರಡೂ ಮೂಲೆಗಳನ್ನು ಸಹಿ ಹಾಕುವಷ್ಟು ಬಲದಿಂದ ಒತ್ತಿ. ಆ ಪರದೆ ಕುಪ್ಪಳಿಸಿದರೆ ಬೇಡ. ಒಂದೇ ಮೇಜಿನಲ್ಲಿ ಹೆಚ್ಚು ದಿನ ಇರುವವರು ಬೆನ್ನಿನಲ್ಲಿ 75 ಮಿಲಿಮೀಟರ್ ಅಂತರದ ವೆಸಾ ರಂಧ್ರಗಳಿರುವುದನ್ನು (ಸ್ಟ್ಯಾಂಡಿಗೆ ತಿರುಪಿನಿಂದ ಬಿಗಿಯುವ ಮಾನಕ ರಂಧ್ರಗಳು) ನೋಡಿ, ಭಾರದ ಸ್ಟ್ಯಾಂಡನ್ನು ಅಲ್ಲೇ ಬಿಟ್ಟು ಪರದೆಯನ್ನಷ್ಟೇ ಒಯ್ಯಬಹುದು.

## ಹಂತ 8: ಮೊದಲ ದಿನವೇ ಮಾಡಬೇಕಾದ ಪರೀಕ್ಷೆಗಳು

ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಇದೇ ಕ್ರಮದಲ್ಲಿ ಮಾಡಿ. ರಕ್ಷಣಾ ಹಾಳೆ ಅಂಟಿಸಬೇಡಿ, ಪೆಟ್ಟಿಗೆ ಎಸೆಯಬೇಡಿ.

1. ಪೆಟ್ಟಿಗೆಯಲ್ಲಿ ಬಂದ ಕೇಬಲಿನಿಂದಲೇ ಜೋಡಿಸಿ. ಹಬ್ ಅಥವಾ ಡಾಕ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ನಡುವೆ ಬೇಡ. ಚಿತ್ರ ಬಂದ ಮೇಲೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪರದೆ ತುಂಬ ತೋರಿಸಿ ಸತ್ತ ಪಿಕ್ಸೆಲ್ ಹುಡುಕಿ.

2. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಹ್ಯೂಮನ್ ಇಂಟರ್‌ಫೇಸ್ ಸಾಧನಗಳ ಕೆಳಗೆ ಟಚ್ ಸ್ಕ್ರೀನ್ ಎಂಬ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಯುಎಸ್‌ಬಿ ತಂತಿ ತಲುಪಿಲ್ಲ, ಮೂರನೇ ಹಂತಕ್ಕೆ ಹಿಂದಿರುಗಿ.

3. ಮಾನಿಟರ್ ಮುಟ್ಟಿದರೆ ಲ್ಯಾಪ್‌ಟಾಪ್ ಪರದೆ ಸ್ಪಂದಿಸುತ್ತಿದ್ದರೆ ಗಾಬರಿ ಬೇಡ. ಸ್ಪರ್ಶ ಯಾವ ಪರದೆಗೆ ಸೇರಿದ್ದು ಎಂದು ವಿಂಡೋಸ್‌ಗೆ ತಿಳಿಸಿಲ್ಲ, ಅಷ್ಟೇ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್’ ತೆರೆದು ‘ಸೆಟಪ್’ ಒತ್ತಿ, ಸ್ಪರ್ಶವನ್ನು ಆರಿಸಿ. ಬಿಳಿ ಪರದೆಯ ಮೇಲೆ ಸೂಚನೆ ಬರುತ್ತದೆ. ಅದು ಲ್ಯಾಪ್‌ಟಾಪಿನಲ್ಲಿ ಕಂಡರೆ ಮುಟ್ಟದೆ ಎಂಟರ್ ಕೀಲಿ ಒತ್ತಿ. ಮಾನಿಟರಿನಲ್ಲಿ ಕಂಡಾಗ ಮಾತ್ರ ಬೆರಳಿಡಿ. ಅವಸರದಲ್ಲಿ ಮೊದಲ ಪರದೆಯಲ್ಲೇ ಮುಟ್ಟಿಬಿಡುವುದು ಇಲ್ಲಿನ ದೊಡ್ಡ ತಪ್ಪು. ಲಿನಕ್ಸ್‌ನಲ್ಲಿ ಎಕ್ಸ್11 ಬಳಸುವವರಿಗೆ ‘ಎಕ್ಸ್‌ಇನ್‌ಪುಟ್’ ಆದೇಶದ ‘ಮ್ಯಾಪ್-ಟು-ಔಟ್‌ಪುಟ್’ ಆಯ್ಕೆ ಇದೇ ಕೆಲಸ ಮಾಡುತ್ತದೆ. ಲಾಗಿನ್ ಆದಾಗಲೆಲ್ಲ ಅದು ತಾನಾಗಿ ನಡೆಯುವಂತೆ ಸೇರಿಸಿಡಿ.

4. ಯಾವುದಾದರೂ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮೂಲೆಯಿಂದ ಮೂಲೆಗೆ ಓರೆ ಗೆರೆಗಳನ್ನು ನಿಧಾನವಾಗಿ ಎಳೆಯಿರಿ, ನಾಲ್ಕೂ ಅಂಚುಗಳ ಗುಂಟ ಸುತ್ತಿ. ಗೆರೆ ತುಂಡಾದ ಜಾಗದಲ್ಲಿ ಸ್ಪರ್ಶ ಸತ್ತಿದೆ. ಪೆನ್ ಇದ್ದರೆ ಅಂಗೈ ಊರಿ ಒಂದು ಪ್ಯಾರಾ ಬರೆಯಿರಿ.

5. ಹೊಳಪನ್ನು ಗರಿಷ್ಠಕ್ಕೇರಿಸಿ ಒಂದು ಗಂಟೆ ಬಿಡಿ, ಮೊದಲು ಲ್ಯಾಪ್‌ಟಾಪಿನ ವಿದ್ಯುತ್ತಿನಲ್ಲಿ, ಆಮೇಲೆ ಚಾರ್ಜರಿನಲ್ಲಿ. ಆಮೇಲೆ ಲ್ಯಾಪ್‌ಟಾಪನ್ನು ನಿದ್ರೆಗೆ ಕಳಿಸಿ ಎಬ್ಬಿಸಿ. ಸ್ಪರ್ಶವೂ ಎದ್ದಿತೇ ನೋಡಿ.

6. ಪರದೆಯನ್ನು ಉದ್ದಕ್ಕೆ ತಿರುಗಿಸಿ, ವ್ಯವಸ್ಥೆಯಲ್ಲೂ ತಿರುಗಿಸಿ. ಚಿತ್ರ ತಿರುಗಿ ಸ್ಪರ್ಶ ತಿರುಗದಿದ್ದರೆ ಮೂರನೇ ಪರೀಕ್ಷೆಯ ಹೊಂದಿಕೆಯನ್ನು ಮತ್ತೊಮ್ಮೆ ಮಾಡಿ.

ಹಬ್ ಬಳಸಲೇಬೇಕಾದವರು ಎಲ್ಲ ಪರೀಕ್ಷೆ ಮುಗಿದ ಮೇಲೆ ಅದನ್ನು ಸೇರಿಸಿ. ಆಗ ಏನಾದರೂ ಕೆಟ್ಟರೆ ತಪ್ಪು ಹಬ್ಬಿನದು ಎಂದು ಖಚಿತವಾಗುತ್ತದೆ.

## ಎಚ್ಚರಿಕೆಯ ಸೂಚನೆಗಳು

ಯಾರೂ ಮುಟ್ಟದೆ ಪರದೆಯ ಮೇಲಿನ ಮೌಸ್ ಬಾಣ ಕುಣಿಯುತ್ತಿದ್ದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಅಗ್ಗದ, ಭೂಸಂಪರ್ಕ ಸರಿಯಿಲ್ಲದ ಚಾರ್ಜರಿನ ವಿದ್ಯುತ್ ಗದ್ದಲವನ್ನು ಗಾಜಿನ ಸಂವೇದಕ ಬೆರಳೆಂದು ತಿಳಿಯುತ್ತದೆ. ಕಿತ್ತ ಕೂಡಲೇ ನಿಂತರೆ ಚಾರ್ಜರ್ ಬದಲಿಸಿ. ನಿಲ್ಲದಿದ್ದರೆ ಗಾಜಿನ ತೇವ, ಎಣ್ಣೆ ಒರೆಸಿ, ರಕ್ಷಣಾ ಹಾಳೆ ತೆಗೆದು ನೋಡಿ. ಆಮೇಲೂ ಅದೇ ಜಾಗದಲ್ಲಿ ಕುಣಿದರೆ ಗಾಜು ಬಾಗಿದೆ ಅಥವಾ ಸಂವೇದಕ ಕೆಟ್ಟಿದೆ, ಮಾನಿಟರ್ ಹಿಂದಿರುಗಿಸಿ.

ಕೇಬಲ್ ಅಲುಗಿದಾಗ ಚಿತ್ರ ಹೋಗಿ ಬರುವುದು ಪೋರ್ಟಿನ ಬೆಸುಗೆ ಸಡಿಲವಾಗುತ್ತಿರುವ ಗುರುತಾಗಿರಬಹುದು. ಇಂಥ ತೆಳು ಮೈಯಲ್ಲಿ ಪೋರ್ಟಿಗೆ ಆಸರೆ ಕಡಿಮೆ. ತುದಿ ಲಂಬಕೋನಕ್ಕೆ ಬಾಗಿರುವ ಕೇಬಲ್ ಬಳಸಿ, ಚೀಲಕ್ಕೆ ಹಾಕುವ ಮುನ್ನ ಕೇಬಲ್ ಕಿತ್ತುಬಿಡಿ. ಸಿಕ್ಕಿಸಿಯೇ ಚೀಲದಲ್ಲಿಟ್ಟ ಕೇಬಲ್ ಪ್ರತಿ ಹೆಜ್ಜೆಗೂ ಸನ್ನೆಕೋಲಿನಂತೆ ಪೋರ್ಟನ್ನು ಮೀಟುತ್ತಿರುತ್ತದೆ.

ಬ್ಯಾಟರಿ ಇರುವ ಮಾದರಿಯಲ್ಲಿ ಬೆನ್ನು ಉಬ್ಬಿದರೆ, ಸಮತಟ್ಟಾದ ಮೇಜಿನ ಮೇಲೆ ಇಟ್ಟಾಗ ತೂಗಾಡಿದರೆ, ಅಥವಾ ಗಾಜು ಚೌಕಟ್ಟಿನಿಂದ ಎದ್ದು ಬಂದಂತೆ ಕಂಡರೆ ಆ ಕ್ಷಣವೇ ಚಾರ್ಜರ್ ತೆಗೆಯಿರಿ. ಒತ್ತಿ ಸರಿಪಡಿಸಲು, ಚುಚ್ಚಲು, ಬಿಚ್ಚಲು ಹೋಗಬೇಡಿ. ಮತ್ತೆ ಚಾರ್ಜ್ ಮಾಡದೆ, ಸುಡುವ ವಸ್ತುಗಳಿಂದ ದೂರವಿಟ್ಟು, ತಯಾರಕರ ಸೇವಾ ಕೇಂದ್ರಕ್ಕೆ ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಅಂಚೆಯಲ್ಲಿ ಅಥವಾ ಕೊರಿಯರಿನಲ್ಲಿ ಕಳಿಸುವುದಾದರೆ ಒಳಗಿರುವುದು ಉಬ್ಬಿದ ಲಿಥಿಯಂ ಬ್ಯಾಟರಿ ಎಂದು ಮೊದಲೇ ತಿಳಿಸಿ, ಅವರು ಒಪ್ಪಿದರೆ ಮಾತ್ರ ಕಳಿಸಿ.